ವೈರು ಫ್ರಾನ್ಸಿನದು, ಗಾಡಿ ಯಾರದು?

ಯಾದಗಿರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ತಲೆಯ ಮೇಲೆ ಹಾದು ಹೋಗಿರುವ ತಂತಿಯನ್ನು ಯಾರೂ ದಿಟ್ಟಿಸಿ ನೋಡುವುದಿಲ್ಲ. ನೋಡುವಂಥದ್ದು ಅದರಲ್ಲಿ ಏನೂ ಇಲ್ಲ ಬಿಡಿ, ಕಿರುಬೆರಳಿನಷ್ಟು ದಪ್ಪದ ತಾಮ್ರದ ತಂತಿ ಅಷ್ಟೇ. ಆದರೆ ಅದರಲ್ಲಿ ಹರಿಯುವ 25,000 ವೋಲ್ಟ್, 50 ಹರ್ಟ್ಜ್ ಕರೆಂಟಿಗೆ ಒಂದು ತವರೂರಿದೆ. ಆ ತವರು ಇರೋದು ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಬುಡದ ಸವಾಯ್ ಸೀಮೆಯಲ್ಲಿ, ಎಕ್ಸ್-ಲೆ-ಬೇನ್ ಎಂಬ ಊರಿನಿಂದ ಲಾ ರೋಶ್ ಎಂಬ ಊರಿಗೆ ಹೋಗುವ ಒಂದು ಸಣ್ಣ ಬೆಟ್ಟದ ಲೈನಿನಲ್ಲಿ. 1950ರ ಹೊತ್ತಿಗೆ ಅಲ್ಲಿ ನಡೆದ ಒಂದು ಪ್ರಯೋಗ ಸುತ್ತಿ ಬಳಸಿ ನಮ್ಮ ಯಾದಗಿರಿವರೆಗೆ ಬಂದಿದೆ.

ನಾನು ವಡಗೇರಾ ಕಡೆಯವನು. ಕೃಷ್ಣಾ, ಭೀಮಾ ಎರಡೂ ನದಿಗಳ ನಡುವಿನ ಸೀಮೆ ನಮ್ಮದು. ನಮ್ಮೂರಿಗೆ ರೈಲಿಲ್ಲ, ಭೀಮಾ ದಾಟಿ ಯಾದಗಿರಿಗೆ ಬಂದರೇನೇ ರೈಲು. ಹಾಗಾಗಿ ಈ ತಂತಿಯ ಇತಿಹಾಸ ಓದುತ್ತಾ ಹೋದಂತೆ ಒಂದು ಪ್ರಶ್ನೆ ಬಿಡದೆ ಕಾಡಿತು. ಅದೇ ತಂತಿಯ ಕೆಳಗೆ ಫ್ರಾನ್ಸಿನವರು ತಮ್ಮ ಸಣ್ಣ ಊರುಗಳಿಗೆ ಅಂತಲೇ ಗಿಡ್ಡ ಗಾಡಿಗಳನ್ನು ಓಡಿಸಿಕೊಂಡರು. ನಾವ್ಯಾಕೆ ಓಡಿಸಿಕೊಳ್ಳಲಿಲ್ಲ?

ಮೊದಲು ಕರೆಂಟಿನ ವಿಷಯ. ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ಬಾಂಬೆಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ, 1,500 ವೋಲ್ಟ್ ಡಿಸಿ ಮೇಲೆ. ಆಗಿನ ಕಾಲಕ್ಕೆ ಅದು ಸರಿಯಾದ ಆಯ್ಕೆಯೇ. ಆದರೆ ಡಿಸಿಗೆ ಒಂದು ಶಾಪ ಇದೆ. ಒಂದೇ ಅಶ್ವಶಕ್ತಿಯ ಕೆಲಸಕ್ಕೆ ವೋಲ್ಟೇಜ್ ಕಡಿಮೆ ಇದ್ದಷ್ಟೂ ಕರೆಂಟ್ ಜಾಸ್ತಿ ಎಳೀಬೇಕು. ಹೊಲದ ಮೋಟರಿಗೆ ವೋಲ್ಟೇಜ್ ಇಳಿದ ದಿನ ವೈರ್ ಕಾದು ಕಾಯಿಲ್ ಸುಟ್ಟುಹೋಗೋದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಅದೇ ಲೆಕ್ಕ ರೈಲಿಗೂ. 1,500 ವೋಲ್ಟಿನಲ್ಲಿ ಭಾರದ ರೈಲು ಎಳೆಯಬೇಕಾದರೆ ದಪ್ಪ ದಪ್ಪ ತಾಮ್ರ ಬೇಕು, ಸ್ವಲ್ಪ ಸ್ವಲ್ಪ ದೂರಕ್ಕೊಂದು ಸಬ್‌ಸ್ಟೇಷನ್ ಬೇಕು. ಜನ ಕಿಕ್ಕಿರಿದ ಬಾಂಬೆಗೆ ಇದು ಕಟ್ಟುತ್ತೆ. ಬಯಲುಸೀಮೆಯ ನೂರಾರು ಕಿಲೋಮೀಟರಿಗೆ ಕಟ್ಟಲ್ಲ.

ಜರ್ಮನಿ, ಸ್ವಿಟ್ಜರ್ಲೆಂಡ್ ಬೇರೆ ದಾರಿ ಹಿಡಿದಿದ್ದವು. ಅವರದು 15,000 ವೋಲ್ಟ್ ಎಸಿ, ಆದರೆ 50 ಹರ್ಟ್ಜ್ ಬದಲು ಅದರ ಮೂರನೇ ಒಂದು ಭಾಗ ಮಾತ್ರ. ಆಗಿನ ರೈಲು ಮೋಟರುಗಳು 50 ಹರ್ಟ್ಜಿಗೆ ಕಿಡಿ ಹಾರಿಸುತ್ತಿದ್ದವು, ಅದಕ್ಕೇ ಈ ಉಪಾಯ. ಇದರಿಂದ ವೋಲ್ಟೇಜ್ ಸಮಸ್ಯೆ ಬಗೆಹರಿಯಿತು. ಆದರೆ ಮನೆಗೆ, ಕಾರ್ಖಾನೆಗೆ ಬರುವ ಕರೆಂಟನ್ನು ಹಾಗೇ ರೈಲಿಗೆ ಕೊಡುವಂತಿಲ್ಲ. ರೈಲಿಗೇ ಅಂತ ಬೇರೆ ವಿದ್ಯುತ್ ಘಟಕ ಇಲ್ಲವೇ ಪರಿವರ್ತಕ ಕೇಂದ್ರ ಬೇಕಾಯಿತು.

50 ಹರ್ಟ್ಜನ್ನೇ ಬಳಸಿ ನೋಡೋಣ ಅಂತ ಜರ್ಮನ್ನರು 1936ರಲ್ಲಿ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ಒಂದು ಲೈನಿನಲ್ಲಿ ಪ್ರಯೋಗ ಶುರು ಮಾಡಿದ್ದರು. ಅಷ್ಟರಲ್ಲಿ ಯುದ್ಧ ಬಂತು. ಯುದ್ಧ ಮುಗಿದಾಗ ಆ ಜಾಗ ಫ್ರಾನ್ಸಿನ ಹಿಡಿತದಲ್ಲಿತ್ತು. ಫ್ರಾನ್ಸಿನ ರಾಷ್ಟ್ರೀಯ ರೈಲ್ವೆಯ ಎಂಜಿನಿಯರುಗಳು ಹೋಗಿ ಅದನ್ನು ಅಕ್ಷರಶಃ ಓದಿಕೊಂಡು ಬಂದರು. ಅವರ ಮುಂದಾಳು ಲೂಯಿ ಅರ್ಮಾಂ. ಯುದ್ಧಕಾಲದಲ್ಲಿ ರೈಲ್ವೆ ಕಾರ್ಮಿಕರ ಪ್ರತಿರೋಧ ಚಳವಳಿಯಲ್ಲಿದ್ದು 1944ರಲ್ಲಿ ಗೆಸ್ಟಾಪೊ ಕೈಗೆ ಸಿಕ್ಕಿ ಸೆರೆಮನೆ ಕಂಡ ಮನುಷ್ಯ. ಹುಟ್ಟಿದ್ದು ಸವಾಯ್ ಸೀಮೆಯ ಕ್ರೂಸೇಯ್ ಎಂಬ ಊರಲ್ಲಿ. ಪ್ರಯೋಗಕ್ಕೆ ಆರಿಸಿದ ಲೈನೂ ಅದೇ ಸೀಮೆಯದು. 1951ರಲ್ಲಿ ಅದೇ ಲೈನಿನ ಆನೆಸಿ ಎಂಬ ಊರಿನಲ್ಲಿ ಸಮ್ಮೇಳನ ಕರೆದು ಜಗತ್ತಿನ ರೈಲ್ವೆಯವರಿಗೆಲ್ಲ ಫಲಿತಾಂಶ ತೋರಿಸಿದರು: ಸಾಮಾನ್ಯ ಗ್ರಿಡ್‌ನಿಂದಲೇ ಕರೆಂಟ್ ತಗೊಳ್ಳಿ, ತೆಳು ತಂತಿ ಸಾಕು, ಸಬ್‌ಸ್ಟೇಷನ್ ದೂರ ದೂರ ಇದ್ದರೂ ನಡೆಯುತ್ತೆ.

ಮುಂದೆ 1954-55ರಲ್ಲಿ ಉತ್ತರ ಫ್ರಾನ್ಸಿನ ವಾಲೆನ್ಸಿಯೆನ್–ತಿಯೋನ್ವಿಲ್ ಲೈನಿಗೆ ಇದೇ ಪದ್ಧತಿ ಬಂತು. ಅದು ಕಲ್ಲಿದ್ದಲು ಮತ್ತು ಕಬ್ಬಿಣದ ಅದಿರು ಹೊರುವ ಲೈನು. ಇದು ನೆನಪಿರಲಿ, ಮುಂದೆ ಬೇಕಾಗುತ್ತೆ.

ಭಾರತೀಯ ರೈಲ್ವೆ 1957ರಲ್ಲಿ ಫ್ರಾನ್ಸಿನವರನ್ನೇ ಸಲಹೆಗಾರರನ್ನಾಗಿ ಇಟ್ಟುಕೊಂಡು 25 ಕಿಲೋವೋಲ್ಟ್ ಎಸಿಯನ್ನು ಒಪ್ಪಿಕೊಂಡಿತು. 1959ರ ಡಿಸೆಂಬರ್ 15ರಂದು ಆ ಕರೆಂಟಿನ ಮೇಲೆ ಮೊದಲ ರೈಲು ಓಡಿತು, ಈಗಿನ ಜಾರ್ಖಂಡಿನ ಕೇಂದ್‌ಪೋಸಿ–ರಾಜ್‌ಖರ್ಸ್ವಾನ್ ನಡುವೆ. ಅದೂ ಅದಿರಿನ ಸೀಮೆಯೇ. ಅಲ್ಲಿಂದ ಹರಡುತ್ತಾ ಹರಡುತ್ತಾ ಈ ತಂತಿ ಕಳೆದ ದಶಕದಲ್ಲಿ ವಾಡಿ–ಯಾದಗಿರಿ–ರಾಯಚೂರು ಮೇಲೂ ಬಂತು. ನಮ್ಮ ಹೊಲದ ಮೋಟರ್ ತಿರುಗಿಸೋ 50 ಹರ್ಟ್ಜೇ ರೈಲನ್ನೂ ಎಳೆಯುತ್ತೆ ಅನ್ನೋದು ಇವತ್ತು ಸಹಜ ಅನ್ಸುತ್ತೆ. ಅದಕ್ಕಾಗಿ ಒಂದು ತಲೆಮಾರಿನ ಎಂಜಿನಿಯರುಗಳು ಹೋರಾಡಿದ್ದರು.

ತಂತಿ ಹೊಸದು. ಅದರ ಕೆಳಗಿನ ಹಳಿ ಮಾತ್ರ ಬಹಳ ಹಳೇದು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯವರು ಬಾಂಬೆ ಕಡೆಯಿಂದ, ಮದ್ರಾಸ್ ರೈಲ್ವೆಯವರು ಆ ಕಡೆಯಿಂದ ಹಾಕಿಕೊಂಡು ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಅಂದರೆ 1857-58ರ ಗಲಾಟೆಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಸಿಕ್ಕಿಬಿದ್ದು, ಸಂಸ್ಥಾನ ನಿಜಾಮನ ಪಾಲಾಗಿ ಹತ್ತು ಚಿಲ್ಲರೆ ವರ್ಷಕ್ಕೇ ಇಲ್ಲಿ ರೈಲು ಬಂದಿತ್ತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ಲೈನೂ ಶುರುವಾಯಿತು. ಕರ್ನಾಟಕದ ಎಷ್ಟೋ ಊರುಗಳಿಗಿಂತ ಮೊದಲು ರೈಲು ಕಂಡ ಸೀಮೆ ನಮ್ಮದು.

ಆದರೆ ಆ ಹಳಿಯ ಉದ್ದೇಶ ಬಾಂಬೆ ಮತ್ತು ಮದ್ರಾಸನ್ನು ಜೋಡಿಸೋದು. ನಡುವೆ ಬಂದ ನಾಲವಾರ, ಯಾದಗಿರಿ, ಸೈದಾಪುರ ಇವೆಲ್ಲ ದಾರಿಯಲ್ಲಿ ಸಿಕ್ಕ ಊರುಗಳು. ಹಳಿ ಭೀಮೆಯ ಪೂರ್ವ ದಂಡೆಯ ಬಯಲಿನಲ್ಲೇ ಸಾಗಿ, ಸಂಗಮ ಮುಗಿದ ಮೇಲೆ ಕೃಷ್ಣೆಯನ್ನು ಒಂದೇ ಸಲ ದಾಟುತ್ತೆ. ಎಂಜಿನಿಯರಿನ ಕಣ್ಣಲ್ಲಿ ನೋಡಿದರೆ ಜಾಣ ಲೆಕ್ಕ: ಒಂದು ದೊಡ್ಡ ಸೇತುವೆ ಉಳಿಯಿತು. ವಡಗೇರಾ, ಶಹಾಪುರ, ಸುರಪುರದ ಕಣ್ಣಲ್ಲಿ ನೋಡಿದರೆ ರೈಲು ಹೊಳೆಯ ಆಚೆ ದಂಡೆಯಲ್ಲೇ ಉಳಿಯಿತು.

ಒಂದೂವರೆ ಶತಮಾನ ಆದಮೇಲೂ ಈ ಲೈನಿನ ಸ್ವಭಾವ ಬಹಳ ಬದಲಾಗಿಲ್ಲ. ಗೂಡ್ಸ್ ಓಡುತ್ತವೆ, ಮುಂಬೈ–ಬೆಂಗಳೂರು, ದಿಲ್ಲಿ–ಬೆಂಗಳೂರು ಗಾಡಿಗಳು ಓಡುತ್ತವೆ. ಪ್ಯಾಸೆಂಜರ್ ಗಾಡಿ ಇಲ್ಲವೇ ಇಲ್ಲ ಅಂತಲ್ಲ, ಆದರೆ ಬೆರಳೆಣಿಕೆ. 2024ರ ಮಾರ್ಚ್ 12ರಂದು ಕಲಬುರಗಿ–ಬೆಂಗಳೂರು ವಂದೇ ಭಾರತ್ ಉದ್ಘಾಟನೆ ಆದಾಗ ನಿಲುಗಡೆಗಳ ಮೊದಲ ಪಟ್ಟಿಯಲ್ಲಿ ರಾಯಚೂರು ಇತ್ತು, ಯಾದಗಿರಿ ಎಂಬ ಜಿಲ್ಲಾ ಕೇಂದ್ರ ಇರಲಿಲ್ಲ.

ನಮ್ಮ ಕಡೆ ಯಾರಾದರೂ ರೈಲಿಗೆ ಹೊರಟರೆ ಮನೆಯವರು ಕೇಳೋದು ಒಂದೇ ಮಾತು: "ಮತ್ತ ಯಾವಾಗ ಬರ್ತಿ?" ಉತ್ತರ ಉಗಾದಿಗೋ ಪಂಚಮಿಗೋ ಅಂತ ಇರುತ್ತೆ. ಯಾಕಂದ್ರೆ ಇಲ್ಲಿ ರೈಲು ಹತ್ತುವುದು ಅಂದ್ರೆ ಬೆಂಗಳೂರಿಗೋ ಮುಂಬೈಗೋ ಪುಣೆಗೋ ಗುಳೆ ಹೋಗೋದು, ಇಲ್ಲಾ ನನ್ನ ಥರ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಹೋಗೋದು. ಎರಡಕ್ಕೂ ವ್ಯತ್ಯಾಸ ಟಿಕೆಟ್ಟಿನ ಕ್ಲಾಸ್ ಅಷ್ಟೇ. "ಎಷ್ಟೊತ್ತಿಗೆ ಬರ್ತಿ?" ಅಂತ ಕೇಳಬೇಕಾದರೆ ಬೆಳಿಗ್ಗೆ ಕರ್ಕೊಂಡು ಹೋಗಿ ಸಂಜೆ ತಂದು ಬಿಡುವ ಗಾಡಿ ಬೇಕು. ಫ್ರಾನ್ಸಿನ ಕಥೆ ಮುಖ್ಯ ಅನ್ಸೋದು ಇಲ್ಲೇ.

ಫ್ರಾನ್ಸಿನಲ್ಲೂ ಎಲ್ಲಾ ದಾರಿ ಪ್ಯಾರಿಸ್ಸಿಗೇ. ರೈಲ್ವೆ ನಕ್ಷೆ ನೋಡಿದರೆ ಜೇಡರ ಬಲೆ, ನಟ್ಟನಡುವೆ ಪ್ಯಾರಿಸ್. ಕಾರು ಬಂದ ಮೇಲೆ ಸಣ್ಣ ಲೈನುಗಳನ್ನು ಒಂದೊಂದಾಗಿ ಮುಚ್ಚಿದರು. ಉಳಿದವುಗಳಲ್ಲಿ ಹಳೇ ಡಬ್ಬಿಗಳು ತೆವಳುತ್ತಿದ್ದವು. ಬದಲಾವಣೆ ಶುರುವಾಗಿದ್ದು ಹಣ ಯಾರದು, ವೇಳಾಪಟ್ಟಿ ಬರೆಯೋರು ಯಾರು ಅನ್ನೋ ಪ್ರಶ್ನೆಯಿಂದ. ಕಲ್ಲಿದ್ದಲು ಗಣಿಗಳ ಉತ್ತರದ ಪ್ರದೇಶ, ನೋರ್–ಪಾ-ದ-ಕಲೇ, 1978ರಲ್ಲೇ ರಾಷ್ಟ್ರೀಯ ರೈಲ್ವೆ ಜೊತೆ ಒಪ್ಪಂದ ಮಾಡಿಕೊಂಡು ತನ್ನ ಸ್ಥಳೀಯ ರೈಲುಗಳ ವಿಷಯದಲ್ಲಿ ಮಾತಾಡೋಕೆ ಶುರು ಮಾಡಿತು. ವಾಲೆನ್ಸಿಯೆನ್ ಇರೋದು ಅದೇ ಪ್ರದೇಶದಲ್ಲಿ. ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. 1990ರಲ್ಲಿ ಕೊನೆಯದೂ ಮುಚ್ಚಿತು. ಊರಲ್ಲಿ ಕೆಲಸ ಇಲ್ಲ ಅಂದಾಗ ಜನ ಊರು ಬಿಡಬೇಕು, ಇಲ್ಲಾ ದಿನಾ ಬೇರೆ ಊರಿಗೆ ಹೋಗಿ ಬರಬೇಕು. ಎರಡನೇದಕ್ಕೆ ರೈಲು ಬೇಕು.

1980ರ ದಶಕದಲ್ಲಿ ಈ ರೈಲುಗಳಿಗೆ ಟಿಇಆರ್ ಅಂತ ಒಂದೇ ಹೆಸರಿಟ್ಟರು. ಪ್ರಾದೇಶಿಕ ಸಾರಿಗೆ ಅಂತ ಅರ್ಥ. 1997ರಲ್ಲಿ ಆರು ಪ್ರದೇಶಗಳಿಗೆ ಪ್ರಯೋಗವಾಗಿ ಅಧಿಕಾರ ಕೊಟ್ಟರು. 2000ದ ಡಿಸೆಂಬರಿನಲ್ಲಿ ಕಾನೂನೇ ಆಯಿತು. 2002ರ ಜನವರಿ 1ರಿಂದ, ಪ್ಯಾರಿಸ್ ಸುತ್ತಲಿನ ಪ್ರದೇಶ ಮತ್ತು ಕಾರ್ಸಿಕಾ ದ್ವೀಪ ಬಿಟ್ಟು, ಉಳಿದ ಎಲ್ಲ ಪ್ರದೇಶಗಳೂ ತಮ್ಮ ಸ್ಥಳೀಯ ರೈಲಿಗೆ ತಾವೇ ಜವಾಬ್ದಾರರು. ಎಷ್ಟು ಗಾಡಿ, ಎಷ್ಟೊತ್ತಿಗೆ, ಎಲ್ಲಿ ನಿಲ್ಲಬೇಕು ಅಂತ ಪ್ರದೇಶ ಹೇಳುತ್ತೆ, ದುಡ್ಡು ಕೊಡುತ್ತೆ, ರೈಲ್ವೆ ಓಡಿಸುತ್ತೆ. ಹೊಸ ಗಾಡಿ ಕೊಳ್ಳೋದಕ್ಕೂ ಪ್ರದೇಶದ್ದೇ ದುಡ್ಡು.

ಅವರು ಕೊಂಡ ಗಾಡಿಗಳಲ್ಲಿ ಬಹುಪಾಲು ಇಎಂಯು ಜಾತಿಯವು. ಇಎಂಯು ಅಂದ್ರೆ ಬೇರೆ ಎಂಜಿನ್ ಇಲ್ಲದ, ಡಬ್ಬಿಗಳ ಅಡಿಯಲ್ಲೇ ಮೋಟರ್ ಕೂರಿಸಿದ ವಿದ್ಯುತ್ ರೈಲು. ಎಂಜಿನ್ ಎಳೆಯುವ ರೈಲಿನಲ್ಲಿ ಎಂಜಿನ್ನಿನ ಚಕ್ರಗಳು ಮಾತ್ರ ಹಳಿಯನ್ನು ಕಚ್ಚಿ ಎಳೀಬೇಕು, ಉಳಿದ ಡಬ್ಬಿಗಳು ಬರೀ ಭಾರ. ಇಎಂಯುನಲ್ಲಿ ಎಳೆಯುವ ಚಕ್ರಗಳು ಗಾಡಿಯ ಉದ್ದಕ್ಕೂ ಹಂಚಿಕೊಂಡಿರುತ್ತವೆ. ಅದಕ್ಕೇ ನಿಂತಲ್ಲಿಂದ ಚುರುಕಾಗಿ ವೇಗ ಹಿಡಿಯುತ್ತೆ. ಐದಾರು ಕಿಲೋಮೀಟರಿಗೊಂದು ಸ್ಟೇಷನ್ ಇದ್ದಾಗ ಈ ಒಂದು ಗುಣವೇ ದೊಡ್ಡದು, ಯಾಕಂದ್ರೆ ಹಿಂದೆ ಬರೋ ಎಕ್ಸ್‌ಪ್ರೆಸ್ಸಿಗೆ ಅಡ್ಡವಾಗದೆ ಎರಡು ಗಾಡಿಗಳ ನಡುವಿನ ಸಂದಿಯಲ್ಲಿ ನುಸುಳಿಕೊಳ್ಳಬಹುದು. ಎರಡೂ ತುದಿಗೆ ಚಾಲಕನ ಕೋಣೆ ಇರುವುದರಿಂದ ಕೊನೇ ಸ್ಟೇಷನ್ನಿನಲ್ಲಿ ಎಂಜಿನ್ ಬಿಚ್ಚಿ ಸುತ್ತಿಸಿ ಹಚ್ಚುವ ತಾಪತ್ರಯ ಇಲ್ಲ. ಚಾಲಕ ಆ ಕಡೆ ನಡೆದು ಹೋಗಿ ಕೂತರೆ ಆಯ್ತು. ಎಲ್ಲಕ್ಕಿಂತ ಮುಖ್ಯ, ಗಾಡಿ ಗಿಡ್ಡ ಇರಬಹುದು. ಜನ ಜಾಸ್ತಿ ಇದ್ದರೆ ಎರಡು ಗಾಡಿ ಸೇರಿಸಿ ಓಡಿಸಿ, ಕಡಿಮೆ ಇದ್ದರೆ ಒಂದೇ.

ಫ್ರಾನ್ಸಿನ ರೈಲ್ವೆಯಲ್ಲಿ ಝಡ್ ಅಕ್ಷರದಿಂದ ಶುರುವಾಗುವ ನಂಬರ್ ಇದ್ದರೆ ಇಎಂಯು, ಎಕ್ಸ್ ಇದ್ದರೆ ಡೀಸೆಲ್ ರೈಲುಕಾರು, ಬಿ ಇದ್ದರೆ ಎರಡರಲ್ಲೂ ಓಡುವಂಥದ್ದು ಅಂತ ಒಂದು ರೂಢಿ. 1980ರ ದಶಕದ ಝಡ್2 ಗಾಡಿಗಳಲ್ಲಿ ಇದ್ದಿದ್ದು ಎರಡೇ ಡಬ್ಬಿ: ಒಂದಕ್ಕೆ ಮೋಟರ್, ಇನ್ನೊಂದು ಅದರ ಹಿಂದೆ. 1990ರ ದಶಕದ ಕೊನೆಗೆ ಎರಡಂತಸ್ತಿನ ಗಾಡಿ ಬಂದವು, ಅವೂ ಎರಡೇ ಡಬ್ಬಿಯವು. ಆಮೇಲೆ ಬಂದದ್ದು ಎಜಿಸಿ ಎಂಬ ಗಾಡಿ, 2004ರಿಂದ 2011ರವರೆಗೆ 700. ಫ್ರಾನ್ಸಿನ ದಕ್ಷಿಣದಲ್ಲಿ ಹಳೇ 1,500 ವೋಲ್ಟ್ ಡಿಸಿ, ಉತ್ತರದಲ್ಲಿ 25,000 ವೋಲ್ಟ್ ಎಸಿ, ಎಷ್ಟೋ ಸಣ್ಣ ಲೈನುಗಳಲ್ಲಿ ತಂತಿಯೇ ಇಲ್ಲ. ಎಜಿಸಿಯ ಒಂದು ಮಾದರಿ ಈ ಮೂರರಲ್ಲೂ ಓಡುತ್ತೆ. ತಂತಿ ಮುಗಿದಲ್ಲಿ ಡೀಸೆಲ್ ಹಚ್ಚಿಕೊಂಡು ಹಾಗೇ ಮುಂದೆ ಹೋಗುತ್ತೆ, ಪ್ರಯಾಣಿಕ ಗಾಡಿ ಬದಲಿಸಬೇಕಿಲ್ಲ. ಈ ಗಾಡಿಗಳನ್ನು ಕಟ್ಟಿದ್ದು ಕ್ರೆಸ್ಪಾಂ ಎಂಬ ಊರಲ್ಲಿ, ಅದೇ ವಾಲೆನ್ಸಿಯೆನ್ ಪಕ್ಕ. 25,000 ವೋಲ್ಟಿನ ಮೇಲೆ ಕಲ್ಲಿದ್ದಲು ಸಾಗಿಸಿದ ಸೀಮೆ, ಗಣಿ ಮುಚ್ಚಿದ ಮೇಲೆ ಅದೇ ತಂತಿಯ ಕೆಳಗೆ ಓಡುವ ಜನರ ರೈಲು ಕಟ್ಟಿ ಬದುಕುತ್ತಿದೆ.

ಹಾಗಂತ ಎಲ್ಲಾ ಸರಾಗ ನಡೀತು ಅಂದ್ಕೋಬೇಡಿ. 2014ರಲ್ಲಿ ರೆಜಿಯೋಲಿಸ್, ರೆಜಿಯೋ 2ಎನ್ ಎಂಬ ಹೊಸ ಇಎಂಯುಗಳು ಬರುವ ಹೊತ್ತಿಗೆ ಒಂದು ಸುದ್ದಿ ಹೊರಬಿತ್ತು: ಸುಮಾರು 1,300 ಪ್ಲಾಟ್‌ಫಾರ್ಮ್‌ಗಳ ಅಂಚಿಗೆ ಹೊಸ ಗಾಡಿ ತಾಗುತ್ತೆ! ಈಚಿನ ಪ್ಲಾಟ್‌ಫಾರ್ಮ್‌ಗಳ ಅಳತೆ ಹಿಡಿದು ಗಾಡಿ ಆರ್ಡರ್ ಆಗಿತ್ತು, ಹಳೇ ಪ್ಲಾಟ್‌ಫಾರ್ಮ್‌ಗಳು ಅದಕ್ಕಿಂತ ಇಕ್ಕಟ್ಟು. ಅಂಚು ಕೆತ್ತಿ ಸರಿಮಾಡಲು 5 ಕೋಟಿ ಯೂರೋ ಖರ್ಚು. ನಮ್ಮ ವೃತ್ತಿಯವರಿಗೆ ಈ ಕಥೆ ಅರ್ಥ ಮಾಡಿಸಬೇಕಿಲ್ಲ. ಟೆಸ್ಟಿಂಗ್‌ನಲ್ಲಿ ಎಲ್ಲಾ ಹಸಿರು, ರಿಲೀಸ್ ದಿನ ಕೆಂಪು. ದೇಶವೇ ನಕ್ಕಿತು. ಆದರೆ ಪ್ಲಾಟ್‌ಫಾರ್ಮ್ ಕೆತ್ತಿದರು, ಗಾಡಿ ಓಡಿಸಿದರು. ಇನ್ನೊಂದು ಮಾತೂ ಹೇಳಬೇಕು. ಟಿಇಆರ್ ಲಾಭದ ವ್ಯಾಪಾರ ಅಲ್ಲ. ಖರ್ಚಿನ ದೊಡ್ಡ ಪಾಲು ಟಿಕೆಟ್ಟಿನಿಂದ ಹುಟ್ಟಲ್ಲ, ಪ್ರದೇಶಗಳ ಬೊಕ್ಕಸದಿಂದ ಬರುತ್ತೆ. ಗೊತ್ತಿದ್ದೇ ಕೊಡುತ್ತಾರೆ, ರಸ್ತೆಗೆ ಕೊಟ್ಟ ಹಾಗೆ.

"ಅದು ಶ್ರೀಮಂತರ ದೇಶ ಬಿಡಪಾ" ಅನ್ನೋರಿಗೆ ಕರ್ನಾಟಕದ್ದೇ ಒಂದು ಉದಾಹರಣೆ ಇದೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕೆಜಿಎಫ್ ಅಂದೇ ಖಾಲಿಯಾಗಬೇಕಿತ್ತು. ಆಗಲಿಲ್ಲ. ಮಾರಿಕುಪ್ಪಂನಿಂದ ಬಂಗಾರಪೇಟೆ ಮೂಲಕ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ಸಾವಿರಾರು ಜನ ಇವತ್ತಿಗೂ ಬೆಳಗಿನ ಜಾವ ಹತ್ತಿ, ರಾತ್ರಿ ಮನೆಗೆ ಬರುತ್ತಾರೆ. ಹೋಗಿ ಬರೋದರಲ್ಲೇ ದಿನದ ನಾಲ್ಕೈದು ತಾಸು ಹೋಗುತ್ತೆ, ಅದು ಸುಖದ ಬದುಕು ಅಂತ ನಾನು ಹೇಳ್ತಿಲ್ಲ. ಆದರೆ ಮನೆ ಅಲ್ಲೇ ಇದೆ, ಮಕ್ಕಳು ಅಲ್ಲೇ ಓದುತ್ತಾರೆ, ಓಟು ಅಲ್ಲೇ ಇದೆ. ಗಣಿ ಹೋದರೂ ಊರು ಉಳೀತು. ಉಳಿಸಿದ್ದರಲ್ಲಿ ಆ ರೈಲುಗಳ ಪಾಲು ದೊಡ್ಡದು.

ಇಎಂಯು ನಮ್ಮ ದೇಶಕ್ಕೆ ಹೊಸದೂ ಅಲ್ಲ. 1925ರಲ್ಲಿ ಬಾಂಬೆಯಲ್ಲಿ ಓಡಿದ ಮೊದಲ ವಿದ್ಯುತ್ ರೈಲೇ ಇಎಂಯು. 1962ರಲ್ಲಿ ಕಲ್ಕತ್ತಾದಲ್ಲಿ 25,000 ವೋಲ್ಟಿನ ಇಎಂಯು ಬಂದವು. 1990ರ ದಶಕದಲ್ಲಿ ಊರಿಂದೂರಿಗೆ ಓಡುವ ಮೆಮು ಗಾಡಿ ಬಂದವು. ವಂದೇ ಭಾರತ್ ಕೂಡ ತಾಂತ್ರಿಕವಾಗಿ ಇಎಂಯುನೇ. ಬೆಂಗಳೂರಿನ 148 ಕಿ.ಮೀ. ಉಪನಗರ ರೈಲು ಯೋಜನೆಗೆ 2020ರಲ್ಲಿ ಒಪ್ಪಿಗೆ ಸಿಕ್ಕಿದೆ, ಅಲ್ಲೂ ಓಡಬೇಕಾದ್ದು ಇಎಂಯು. ಮಹಾನಗರಕ್ಕೆ ಲೋಕಲ್, ದೂರದವರಿಗೆ ವಂದೇ ಭಾರತ್. ನಡುವಿನ ಜಾಗ ಖಾಲಿ. ಫ್ರಾನ್ಸಿನಿಂದ ನಾವು ತಂತಿ ತಂದೆವು. 2015ರ ಒಪ್ಪಂದದಲ್ಲಿ ಅಲ್ಲಿನ ಆಲ್‌ಸ್ಟಾಮ್ ಕಂಪನಿ ಜೊತೆ ಸೇರಿ ಬಿಹಾರದ ಮಾಧೇಪುರದಲ್ಲಿ 12,000 ಅಶ್ವಶಕ್ತಿಯ ಗೂಡ್ಸ್ ಎಂಜಿನ್ ಕಟ್ಟಿದೆವು. ಎರಡು ಡಬ್ಬಿಯ ಗಾಡಿಯನ್ನು, ಅದನ್ನು ಓಡಿಸುವ ಅಧಿಕಾರ ಹಂಚಿಕೆಯನ್ನು ಮಾತ್ರ ತರಲಿಲ್ಲ.

ಇಲ್ಲೊಂದು ತಮಾಷೆ ಇದೆ. ಯಾದಗಿರಿ–ಸೈದಾಪುರ ನಡುವಿನ ಸೀಮೆಯಲ್ಲಿ, ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ, ಒಂದು ರೈಲು ಬೋಗಿ ಕಾರ್ಖಾನೆ ಇದೆ. ಮಲ್ಲಿಕಾರ್ಜುನ ಖರ್ಗೆ ಅವರು 2013-14ರಲ್ಲಿ ರೈಲ್ವೆ ಮಂತ್ರಿ ಆಗಿದ್ದಾಗಿನ ಯೋಜನೆ, 2017ರಲ್ಲಿ ಉದ್ಘಾಟನೆ. ಕನ್ನಡದಲ್ಲಿ ಬೋಗಿ ಅಂದ್ರೆ ಜನ ಕೂರೋ ಡಬ್ಬಿ. ರೈಲ್ವೆ ಭಾಷೆಯಲ್ಲಿ ಬೋಗಿ ಅಂದ್ರೆ ಡಬ್ಬಿಯ ಅಡಿಯಲ್ಲಿರುವ, ಚಕ್ರ ಮತ್ತು ಸ್ಪ್ರಿಂಗ್ ಹೊತ್ತ ಚೌಕಟ್ಟು. ಕಡೇಚೂರಿನದು ಈ ಎರಡನೇ ಬೋಗಿ, ಎಲ್‌ಎಚ್‌ಬಿ ಡಬ್ಬಿಗಳಿಗೆ ಬೇಕಾದ ಫಿಯಟ್ ಮಾದರಿಯದು. ಎಲ್‌ಎಚ್‌ಬಿ ಜರ್ಮನಿಯ ಕಂಪನಿ, ಫಿಯಟ್ ರೈಲು ವಿಭಾಗ ಇಟಲಿಯದು. ಎರಡೂ ಕೊನೆಗೆ ಸೇರಿದ್ದು ರೆಜಿಯೋಲಿಸ್ ಕಟ್ಟಿದ ಅದೇ ಆಲ್‌ಸ್ಟಾಮ್ ತೆಕ್ಕೆಗೆ. ಅಂದರೆ ದೇಶದ ದೂರದ ರೈಲುಗಳ ಕಾಲು ನಮ್ಮ ಜಿಲ್ಲೆಯಲ್ಲಿ ತಯಾರಾಗುತ್ತೆ. ಆ ಕಾಲುಗಳ ಮೇಲೆ ಕೂತು ನಮ್ಮ ಜನ ದೂರ ಹೋಗುತ್ತಾರೆ.

ಈಗ ಯಾಕೆ ಈ ಮಾತೆಲ್ಲ ಅಂದ್ರೆ, ಒಂದು ಹೊಸ ಹಳಿ ಬರುತ್ತಿದೆ. ಗದಗ–ವಾಡಿ ಲೈನು, ಸುಮಾರು 250 ಕಿ.ಮೀ.; ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರ ದಾಟಿ ವಾಡಿಗೆ. 2025ರ ಮೇನಲ್ಲಿ ಆ ಕಡೆಯ ತುದಿಯಲ್ಲಿ ಕುಷ್ಟಗಿವರೆಗೆ ರೈಲು ಶುರುವಾಗಿದೆ. 1871ರಲ್ಲಿ ಹೊಳೆಯ ಆಚೆ ಉಳಿದಿದ್ದ ರೈಲು ಕೊನೆಗೂ ಈಚೆ ದಂಡೆಗೆ ಬರುತ್ತಿದೆ. ಈ ಯೋಜನೆಗೆ ರಾಜ್ಯದ ಬೊಕ್ಕಸದ ದುಡ್ಡೂ ಇದೆ. ಆದರೆ ಹಳಿ ಮುಗಿದ ಮೇಲೆ ಅದರ ಮೇಲೆ ಯಾವ ಗಾಡಿ, ದಿನಕ್ಕೆ ಎಷ್ಟು ಸಲ ಅಂತ ತೀರ್ಮಾನಿಸುವಾಗ ದುಡ್ಡು ಕೊಟ್ಟ ರಾಜ್ಯ ಮನವಿ ಪತ್ರ ಹಿಡಿದು ನಿಲ್ಲಬೇಕು. ಫ್ರಾನ್ಸ್ 2002ರಲ್ಲಿ ಬದಲಿಸಿದ್ದು ಇದನ್ನೇ.

ನಮಗೆ ಪ್ರದೇಶ ಅನ್ನೋ ಕಲ್ಪನೆ ಇಲ್ಲ ಅಂತಲೂ ಅಲ್ಲ. ಸಂವಿಧಾನದ 371(ಜೆ) ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಬೀದರಿನಿಂದ ವಿಜಯನಗರದವರೆಗೆ ಏಳು ಜಿಲ್ಲೆ ಇವೆ, ಅದಕ್ಕೇ ಅಂತ ಅನುದಾನ ಇದೆ. ರಸ್ತೆ, ಶಾಲೆ ಕಟ್ಟಲು ಬರುವ ಆ ದುಡ್ಡಿನಲ್ಲಿ ಒಂದು ಪಾಲಿಗೆ ನಾಲ್ಕು ಡಬ್ಬಿಯ ಕೆಲವು ಮೆಮು ಗಾಡಿಗಳನ್ನು ಓಡಿಸಿ, ಕಲಬುರಗಿ–ವಾಡಿ–ಯಾದಗಿರಿ–ರಾಯಚೂರು ನಡುವೆ ಗಂಟೆಗೊಂದು ಬೇಕು ಅಂತ ರೈಲ್ವೆಗೆ ಹೇಳುವಂತಾದರೆ? ನಷ್ಟ ನಮ್ಮ ಲೆಕ್ಕಕ್ಕೆ, ವೇಳಾಪಟ್ಟಿ ನಮ್ಮ ಕೈಗೆ. ಕಾನೂನು ತಿದ್ದಬೇಕು, ಹಳಿಯಲ್ಲಿ ಗೂಡ್ಸ್ ನಡುವೆ ಜಾಗ ಹುಡುಕಬೇಕು, ಇವು ಸಣ್ಣ ಕೆಲಸಗಳಲ್ಲ. ಆದರೆ ಅಸಾಧ್ಯ ಅಂತ ಯಾರಾದರೂ ಅಂದರೆ, ಬೇರೆಯವರು ಮಾಡಿ ಇಪ್ಪತ್ತು ವರ್ಷದ ಮೇಲಾಯಿತು ಅಂತ ತೋರಿಸಬಹುದು.

ಶಹಾಪುರ, ಸುರಪುರದಲ್ಲಿ ಸ್ಟೇಷನ್ ಉದ್ಘಾಟನೆ ಆದ ದಿನ ಬ್ಯಾಂಡು ಬಾರಿಸುತ್ತೆ, ಹಾರ ಬೀಳುತ್ತೆ, "ಯಾವ ಎಕ್ಸ್‌ಪ್ರೆಸ್ ನಿಲ್ಲುತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ಬೆಂಗಳೂರಿನಲ್ಲಿ ಕೂತ ನನ್ನಂಥವರು ಎಲ್ಲರಿಗಿಂತ ಮೊದಲು ಕೇಳುತ್ತೇವೆ, ನಮಗೆ ಬೇಕಾದ್ದು ಅದೇ. ಜೊತೆಗೆ ಇನ್ನೊಂದನ್ನೂ ಕೇಳಬೇಕು: ಬೆಳಿಗ್ಗೆ ಏಳಕ್ಕೆ ಕಾಲೇಜಿಗೆ, ಆಸ್ಪತ್ರೆಗೆ, ಫ್ಯಾಕ್ಟರಿಗೆ ಹೋಗೋರನ್ನು ಹತ್ತಿಸಿಕೊಂಡು ಸಂಜೆ ಏಳರೊಳಗೆ ವಾಪಸ್ ತಂದು ಇಳಿಸೋ ಗಾಡಿ ದಿನಕ್ಕೆ ಎಷ್ಟು?